ಒಣಕಲು ಆಂಪಿಗೆ ಸ್ಪ್ರಿಂಗ್ ರಿವರ್ಬ್

ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರು ಆಂಪ್ (ಆಂಪ್ಲಿಫೈಯರ್) ಹೊತ್ತುಕೊಂಡು ಹೋಗುವುದೇ ಈಗ ಅಪರೂಪ. ಒಂದು ಪ್ರೊಸೆಸರ್ ಪೆಡಲ್ ತಂದು ನೇರ ಮಿಕ್ಸರಿಗೆ ಚುಚ್ಚಿದರೆ ಮುಗಿಯಿತು. ರಿವರ್ಬ್ (ಸ್ವರದ ಹಿಂದೆ ಉಳಿಯುವ ಮಾರ್ದನಿ), ಡಿಲೇ, ಕೋರಸ್ ಎಲ್ಲ ಅದರೊಳಗೇ ಇರುತ್ತವೆ. ನಾನೊಬ್ಬ ಮಾತ್ರ ಇನ್ನೂ ಹಳೇ ಟ್ರಾನ್ಸಿಸ್ಟರ್ ಆಂಪನ್ನು ಟೆಂಪೋಗೆ ಏರಿಸಿಕೊಂಡು ಅರಕಲಗೂಡು, ಆಲೂರು, ಹೊಳೆನರಸೀಪುರ ಎಂದು ಗಣಪತಿ ಸೀಸನ್ ಪೂರ್ತಿ ಸುತ್ತುತ್ತೇನೆ. 30 ವಾಟ್, 12 ಇಂಚಿನ ಒಂದೇ ಸ್ಪೀಕರ್, ಬಾಸ್, ಟ್ರೆಬಲ್, ವಾಲ್ಯೂಮ್ ಅಂತ ಮೂರು ಗುಂಡಿ. ಹಗಲೆಲ್ಲ ಹಾಸನದ ಬಿ.ಎಂ. ರಸ್ತೆ ಪಕ್ಕದ ಅಂಗಡಿಯಲ್ಲಿ ಸ್ಟೆಬಿಲೈಸರ್, ಯುಪಿಎಸ್ ಬಿಚ್ಚುವವನಿಗೆ ಇಂಥ ಆಂಪಿನಿಂದ ಒಂದು ಅನುಕೂಲ: ಕೆಟ್ಟರೆ ನಾನೇ ಸರಿ ಮಾಡಿಕೊಳ್ಳಬಹುದು. ಕೊರತೆ ಎಂದರೆ ಸದ್ದು ಒಣಕಲು. ತಂತಿ ಮೀಟಿ ಬೆರಳು ತೆಗೆದರೆ ಸ್ವರ ಅಲ್ಲೇ ಸತ್ತಿತು. ಬಯಲಿನಲ್ಲಿ ಹಾಕಿದ ಸ್ಟೇಜಿಗೆ ಗೋಡೆಯೂ ಇಲ್ಲ, ಮಾರ್ದನಿಯೂ ಇಲ್ಲ. ಹಳೇ ಹಾಡುಗಳ ನಡುವೆ ಬರುವ ಗಿಟಾರ್ ತುಣುಕು, ಕೈ ಎಷ್ಟೇ ಸರಿಯಿದ್ದರೂ, ಬಡಕಲಾಗಿಯೇ ಕೇಳುತ್ತಿತ್ತು.

‘ರಿವರ್ಬ್ ಪೆಡಲ್ ಒಂದು ತಗೊಂಡುಬಿಡು ಮಾರಾಯ’ ಎಂದು ಕೀಬೋರ್ಡಿನವನು ಹೇಳುತ್ತಲೇ ಇದ್ದ. ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನನಗೆ ಬೇಕಿದ್ದದ್ದು ಬರೀ ಮಾರ್ದನಿಯಲ್ಲ, ಸಿಗ್ನಲನ್ನು ಲೋಹದ ಸ್ಪ್ರಿಂಗಿನಲ್ಲಿ ಹಾಯಿಸಿದಾಗ ಬರುವ ಸದ್ದು. ಸಕಲೇಶಪುರದ ಮಂಜ್ರಾಬಾದ್ ಕೋಟೆಯ ಕಮಾನಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಕಲ್ಲಿಗೆ ಬಡಿದು ದಪ್ಪಗೆ ಹಿಂತಿರುಗುತ್ತದೆ. ಸ್ಪ್ರಿಂಗ್ ಹಾಗಲ್ಲ. ತಂತಿಯನ್ನು ಕುಕ್ಕಿ ಮೀಟಿದರೆ ಹಿಂದೆಯೇ ‘ಟ್ಲುಂವ್’ ಎಂದು ಜಾರುವ ಬಾಲವೊಂದು ಬರುತ್ತದೆ. ಯಾವ ಕೋಣೆಯಲ್ಲೂ ಆ ಸದ್ದು ಹುಟ್ಟುವುದಿಲ್ಲ, ಅದು ಸ್ಪ್ರಿಂಗಿನದೇ ಸ್ವಂತ ಸ್ವಭಾವ. 60ರ ದಶಕದ ಗಿಟಾರ್ ರೆಕಾರ್ಡುಗಳ ರುಚಿ ಹತ್ತಿದವರಿಗೆ ಇದು ಗೊತ್ತು. ಹತ್ತದವರಿಗೆ ಹೇಳಿ ಪ್ರಯೋಜನವಿಲ್ಲ.

ಹಾಗೆ ನೋಡಿದರೆ ಈ ಸ್ಪ್ರಿಂಗಿಗೂ ಗಿಟಾರಿಗೂ ಮೊದಲು ಸಂಬಂಧವೇ ಇರಲಿಲ್ಲ. ದೂರದ ಟೆಲಿಫೋನ್ ಕರೆಯಲ್ಲಿ ದನಿ ತಡವಾಗಿ ಮುಟ್ಟುವುದನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಲು ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಸ್ಪ್ರಿಂಗ್ ಬಳಸುತ್ತಿದ್ದರು. ಷಿಕಾಗೋದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ವಿದ್ಯುತ್ ಆರ್ಗನ್ ಮಾರುಕಟ್ಟೆಗೆ ತಂದಾಗ, ಚರ್ಚಿನ ದೊಡ್ಡ ಪೈಪ್ ಆರ್ಗನ್ ಕೇಳಿ ಅಭ್ಯಾಸವಾದವರಿಗೆ ಮನೆಯ ಕೋಣೆಯಲ್ಲಿ ಅದು ಸಪ್ಪೆ ಎನಿಸಿತು. ಆತ ಬೆಲ್‌ನವರ ಉಪಾಯವನ್ನೇ ಹಿಡಿದು, ಆ ದಶಕ ಮುಗಿಯುವಷ್ಟರಲ್ಲಿ ಆರ್ಗನ್ನಿಗೆ ಸ್ಪ್ರಿಂಗ್ ಜೋಡಿಸಿದ. ಮೊದಲಿನವು ನಾಲ್ಕಡಿ ಎತ್ತರದ, ಎಣ್ಣೆ ತುಂಬಿದ ಕೊಳವೆಗಳಿದ್ದ ಭಾರೀ ವ್ಯವಸ್ಥೆ. 1960ರ ಹೊತ್ತಿಗೆ ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಟ್ಯಾಂಕ್ ಆಯಿತು. ಫೆಂಡರ್ ಕಂಪನಿ 1961ರಲ್ಲಿ ಅದನ್ನು ಗಿಟಾರಿಗೆಂದೇ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಮಾರಿತು, 1963ರ ವೈಬ್ರೋವರ್ಬ್‌ನಲ್ಲಿ ಆಂಪಿನೊಳಗೇ ಕೂರಿಸಿತು. ನಾನು ಮಾಡಹೊರಟದ್ದೂ ಅದನ್ನೇ. ವಾಲ್ವ್ ಬದಲು ಐಸಿ, ಅಷ್ಟೇ.

ಟ್ಯಾಂಕ್ ಎಂದರೆ ನೀರಿನ ಟ್ಯಾಂಕ್ ಕಲ್ಪಿಸಿಕೊಳ್ಳಬೇಡಿ. ಉದ್ದನೆಯ ತಗಡಿನ ತಟ್ಟೆ, ಅದರೊಳಗೆ ನಾಲ್ಕು ಮೂಲೆಗೆ ಪುಟ್ಟ ಸ್ಪ್ರಿಂಗ್‌ಗಳಲ್ಲಿ ನೇತುಬಿದ್ದ ಇನ್ನೊಂದು ಚೌಕಟ್ಟು, ಆ ಚೌಕಟ್ಟಿನ ಉದ್ದಕ್ಕೆ ಎಳೆದು ಕಟ್ಟಿದ ಎರಡೋ ಮೂರೋ ತೆಳ್ಳನೆ ಸ್ಪ್ರಿಂಗ್. ಪ್ರತಿ ಸ್ಪ್ರಿಂಗಿನ ತುದಿಯಲ್ಲಿ ಅಕ್ಕಿಕಾಳಿನ ಗಾತ್ರದ ಅಯಸ್ಕಾಂತ, ಅದರ ಸುತ್ತ ಕಬ್ಬಿಣದ ಕೋರ್, ಕೋರಿಗೆ ಸುತ್ತಿದ ಕಾಯಿಲ್. ಒಂದು ತುದಿಯ ಕಾಯಿಲಿಗೆ ಗಿಟಾರ್ ಸಿಗ್ನಲ್ ಕೊಟ್ಟರೆ ಅಯಸ್ಕಾಂತ ತಿರುಚಿಕೊಳ್ಳುತ್ತದೆ, ಸ್ಪ್ರಿಂಗೂ ಅದರ ಜೊತೆ ತಿರುಚಿಕೊಳ್ಳುತ್ತದೆ. ಸ್ಪ್ರಿಂಗ್ ಹಿಗ್ಗಿ ಕುಗ್ಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲಿ ನಡೆಯುವುದು ತಿರುಚಾಟ. ಆ ತಿರುಚು ಇನ್ನೊಂದು ತುದಿ ಮುಟ್ಟುತ್ತದೆ, ಅಲ್ಲಿನ ಕಾಯಿಲಿನಲ್ಲಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ, ಅಲ್ಲಿಂದ ಪುಟಿದು ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಉದ್ದನೆಯ ಎರಡು ಸ್ಪ್ರಿಂಗಿನ ಟ್ಯಾಂಕಿನಲ್ಲಿ ಒಂದು ಸಲ ದಾಟಲು ಒಂದು ಸ್ಪ್ರಿಂಗಿಗೆ ಸುಮಾರು 33 ಮಿಲಿಸೆಕೆಂಡ್, ಇನ್ನೊಂದಕ್ಕೆ 41. ಎರಡನ್ನೂ ಬೇರೆ ಬೇರೆ ಇಡುವುದು ಬೇಕೆಂದೇ. ಒಂದೇ ಆಗಿದ್ದರೆ ಮಾರ್ದನಿಗಳು ಒಂದರ ಮೇಲೊಂದು ಕೂತು ಟಕ ಟಕ ಎನ್ನುತ್ತಿದ್ದವು. ಇನ್ನೊಂದು ವಿಚಿತ್ರ: ಸ್ಪ್ರಿಂಗಿನಲ್ಲಿ ಎಲ್ಲ ಸ್ವರವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಕೆಳಗಿನ ಸ್ವರ ಮೊದಲು ಮುಟ್ಟುತ್ತದೆ, ಚೂಪಾದವು ಹಿಂದುಳಿಯುತ್ತವೆ. ಆ ‘ಟ್ಲುಂವ್’ ಹುಟ್ಟುವುದು ಇದರಿಂದ.

ಸ್ಪ್ರಿಂಗ್ ರಿವರ್ಬ್ ಕಿಟ್ ಆನ್‌ಲೈನಿನಲ್ಲಿ ಸಿಕ್ಕಿತು: ಬೋರ್ಡು, ರೆಸಿಸ್ಟರ್, ಕೆಪಾಸಿಟರ್, ಎರಡು ಐಸಿ, ಒಂದು ಪಾಟ್ (ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್), ಆರ್‌ಸಿಎ ಕೇಬಲ್ ಜೋಡಿ, ಒಂದು ಹಾಳೆ ಸೂಚನೆ. ಟ್ಯಾಂಕ್ ಬೇರೆ ತರಿಸಬೇಕು, ಅದರ ಬೆಲೆ ಕಿಟ್ಟಿಗಿಂತ ಜಾಸ್ತಿ. ಹಾಸನದಲ್ಲಂತೂ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಐಸಿ ಕಿಲೋಗಟ್ಟಲೆ ಸಿಗಬಹುದು, ಇದು ಸಿಗುವುದು ಕಷ್ಟ.

ಟ್ಯಾಂಕ್ ಆರಿಸುವುದೇ ಅರ್ಧ ಕೆಲಸ. ಅಕ್ಯುಟ್ರಾನಿಕ್ಸ್ ಟ್ಯಾಂಕ್‌ಗಳಿಗೆ ಒಂದು ಸಂಕೇತವಿರುತ್ತದೆ, ಬೇರೆ ತಯಾರಕರೂ ಅದನ್ನೇ ಅನುಸರಿಸುತ್ತಾರೆ. ನಾನು ತರಿಸಿದ್ದು 8ಇಬಿ2ಸಿ1ಬಿ. ಮೊದಲ 8 ಅಂದರೆ ಗಿಡ್ಡ ಟ್ಯಾಂಕ್, ಮೂರು ಸ್ಪ್ರಿಂಗ್, ಉದ್ದ 9.25 ಇಂಚು. ಫೆಂಡರ್ ಆಂಪುಗಳಲ್ಲಿರುವ 4ನೇ ಬಗೆ 16.75 ಇಂಚು ಉದ್ದ. ಸದ್ದೂ ಅದರದ್ದೇ ಚೆಂದ, ಆದರೆ ನನ್ನ ಆಂಪಿನ ಒಳ ಅಗಲಕ್ಕೆ ಅದು ಕೂರುವುದಿಲ್ಲ. ಆಮೇಲಿನ ‘ಇ’ ಇನ್‌ಪುಟ್ ಕಾಯಿಲ್ 800 ಓಮ್ ಎಂದು, ‘ಬಿ’ ಔಟ್‌ಪುಟ್ 2575 ಓಮ್ ಎಂದು. 2 ಅಂದರೆ ಬಾಲ ಮಧ್ಯಮ ಉದ್ದ. 1 ಅಂದರೆ ಸಾಗಿಸುವಾಗ ಸ್ಪ್ರಿಂಗ್ ಬಿಗಿಯುವ ಲಾಕ್ ಇಲ್ಲ. ಕೊನೆಯ ‘ಬಿ’ ತೆರೆದ ಬಾಯಿ ಕೆಳಗೆ ಮಾಡಿ ಅಡ್ಡಕ್ಕೆ ಕೂರಿಸಬೇಕು ಎಂದು. ಮೀಟರ್ ಹಿಡಿದರೆ 800 ತೋರಿಸುತ್ತದೆ ಎಂದುಕೊಳ್ಳಬೇಡಿ. ಅದು 1 ಕಿಲೋಹರ್ಟ್ಸ್‌ನಲ್ಲಿನ ಇಂಪೀಡೆನ್ಸ್, ಅಂದರೆ ಏರಿಳಿಯುವ ಸಿಗ್ನಲಿಗೆ ಕಾಯಿಲ್ ಒಡ್ಡುವ ತಡೆ. ತಂತಿಯ ಡಿಸಿ ರೋಧ ಬಹಳ ಕಡಿಮೆ, ನನ್ನದರಲ್ಲಿ ನೂರಕ್ಕೂ ಕೆಳಗಿತ್ತು.

ನಡುವಿನ ‘ಸಿ’ ಬಿಟ್ಟು ಮುಂದೆ ಹೋದೆ, ಅದಕ್ಕೆ ಕಾರಣವಿದೆ. ಇನ್‌ಪುಟ್ ಸಾಕೆಟ್ ತಗಡಿಗೆ ತಾಗದೆ ಪ್ರತ್ಯೇಕವಾಗಿದೆ, ಔಟ್‌ಪುಟ್ ಸಾಕೆಟ್ ತಗಡಿಗೆ ಗ್ರೌಂಡ್ ಆಗಿದೆ ಎಂದು ಅದರ ಅರ್ಥ. ಈ ಒಂದು ಅಕ್ಷರ ತಪ್ಪಿದರೆ ನನ್ನ ಕಿಟ್ ಕೆಲಸವೇ ಮಾಡುತ್ತಿರಲಿಲ್ಲ. ಕಾಯಿಲಿನ ಇಂಪೀಡೆನ್ಸ್ ಸ್ವರ ಮೇಲೇರಿದಂತೆ ಏರುತ್ತದೆ. ಒಂದೇ ವೋಲ್ಟೇಜ್ ಕೊಡುತ್ತಾ ಹೋದರೆ ಮೇಲಿನ ಸ್ವರಗಳಿಗೆ ಕರೆಂಟ್ ಸಾಲದೆ ರಿವರ್ಬ್ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಅದಕ್ಕೆ ಕಿಟ್ಟಿನಲ್ಲಿ ಕಾಯಿಲನ್ನು ಸಿಗ್ನಲ್ ಹಿಗ್ಗಿಸುವ ಐಸಿಯಾದ ಆಪ್‌ಆಂಪಿನ ಫೀಡ್‌ಬ್ಯಾಕ್ ದಾರಿಯಲ್ಲೇ ಇಟ್ಟಿದ್ದಾರೆ. ಕಾಯಿಲಿನ ಇನ್ನೊಂದು ತುದಿಯಿಂದ ಒಂದು ರೆಸಿಸ್ಟರ್ ಗ್ರೌಂಡಿಗೆ. ಆ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿಕೊಂಡು ಐಸಿ ತಾನೇ ಕರೆಂಟ್ ಕಾಯ್ದುಕೊಳ್ಳುತ್ತದೆ. ಬೇಕಾಗುವುದು ಕೆಲವೇ ಮಿಲಿಆಂಪ್, ಕಿಟ್ಟಿನ ಐಸಿಯಾದ ಎನ್‌ಇ5532 ಅದನ್ನು ಸಲೀಸಾಗಿ ಕೊಡುತ್ತದೆ. ಇನ್‌ಪುಟ್ ಸಾಕೆಟ್ ತಗಡಿಗೆ ತಾಗಿದ್ದರೆ ಆ ರೆಸಿಸ್ಟರ್ ಶಾರ್ಟ್ ಆಗುತ್ತದೆ, ಲೆಕ್ಕವೆಲ್ಲ ಕೆಡುತ್ತದೆ.

ಬೆಸುಗೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಗಿಡ್ಡ ಸಾಮಾನು ಮೊದಲು, ಎತ್ತರದ್ದು ಆಮೇಲೆ, ಐಸಿಗೆ ಬೇಸ್ ಹಾಕಿ, ಎಲೆಕ್ಟ್ರೋಲಿಟಿಕ್‌ನ ಮೈನಸ್ ಪಟ್ಟಿ ನೋಡಿ. ಒಂದು ಭಾನುವಾರ ಮಧ್ಯಾಹ್ನ ಕೂತರೆ ಆಗುವ ಕೆಲಸ. ಸೂಚನೆಯ ಹಾಳೆಯಲ್ಲಿ ಮುಕ್ಕಾಲು ಭಾಗ ಇದರದ್ದೇ ಚಿತ್ರಗಳು. ‘ಟ್ಯಾಂಕನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಇಡಿ’ ಎಂಬುದು ಕೊನೆಯಲ್ಲಿ ಒಂದೇ ಸಾಲು. ನನ್ನ ಅನುಭವದಲ್ಲಿ ಅದು ತಿರುಗಾಮುರುಗಾ ಆಗಬೇಕಿತ್ತು.

ಪವರ್ ವಿಷಯಕ್ಕೆ ಬರೋಣ. ಬೋರ್ಡಿಗೆ ಬೇಕಾದದ್ದು ಪ್ಲಸ್ 15, ಮೈನಸ್ 15 ವೋಲ್ಟ್. ಆಂಪಿನೊಳಗೆ ಪವರ್ ಟ್ರಾನ್ಸಿಸ್ಟರುಗಳಿಗೆ ಹೋಗುತ್ತಿದ್ದದ್ದು ಪ್ಲಸ್ ಮೈನಸ್ 27ರ ಆಸುಪಾಸು. ಹೊಸ ಟ್ರಾನ್ಸ್‌ಫಾರ್ಮರ್ ಹಾಕುವ ಬದಲು ಅದನ್ನೇ 7815, 7915 ಎಂಬ ಎರಡು ರೆಗ್ಯುಲೇಟರುಗಳಿಂದ ಇಳಿಸಿಕೊಂಡೆ. ಇವು 35 ವೋಲ್ಟಿನವರೆಗೆ ತಡೆಯುತ್ತವೆ. ನಮ್ಮಲ್ಲಿ ರಾತ್ರಿ ಲೋಡ್ ಇಳಿದಾಗ ಲೈನ್ ವೋಲ್ಟೇಜ್ ಮೇಲೇರುವುದುಂಟು, ಆಗ 27 ಇದ್ದದ್ದು 29, 30 ಆದರೂ ಭಯವಿಲ್ಲ. ಬೋರ್ಡು ಎಳೆಯುವುದು ಅಲ್ಪ ಕರೆಂಟ್, ಹಾಗಾಗಿ ಹೀಟ್‌ಸಿಂಕೂ ಬೇಡ. ಎಚ್ಚರ ಬೇಕಾದದ್ದು ಕಾಲುಗಳ ವಿಷಯದಲ್ಲಿ. ಅಕ್ಷರ ನಮ್ಮ ಕಡೆ ಇಟ್ಟುಕೊಂಡರೆ 7815ಕ್ಕೆ ಎಡಗಡೆ ಇನ್‌ಪುಟ್, ನಡುವೆ ಗ್ರೌಂಡ್, ಬಲಗಡೆ ಔಟ್‌ಪುಟ್. 7915ಕ್ಕೆ ಎಡಗಡೆ ಗ್ರೌಂಡ್, ನಡುವೆ ಇನ್‌ಪುಟ್. ಬೆನ್ನಿನ ಲೋಹವೂ ನಡುವಿನ ಕಾಲಿಗೇ ಸೇರಿರುವುದರಿಂದ 7915ನ್ನು ನಡುವೆ ಮೈಕಾ ಹಾಳೆಯ ತಡೆ ಇಲ್ಲದೆ ಆಂಪಿನ ಲೋಹದ ಚಾಸಿಗೆ ಬಿಗಿದರೆ ಮೈನಸ್ ಲೈನ್ ನೇರ ಶಾರ್ಟ್. ಅಂಗಡಿಗೆ ಬರುವ ಹುಡುಗರಿಗೆ ಇದನ್ನು ನಾನು ಜಪದ ಹಾಗೆ ಹೇಳಿಕೊಡುತ್ತಿರುತ್ತೇನೆ.

ಆಂಪ್ ಬಿಚ್ಚುವ ಮುನ್ನ ಪ್ಲಗ್ ಕಿತ್ತು, ದೊಡ್ಡ ಫಿಲ್ಟರ್ ಕೆಪಾಸಿಟರುಗಳನ್ನು ಒಂದು ರೆಸಿಸ್ಟರ್ ಹಿಡಿದು ಖಾಲಿ ಮಾಡಿಕೊಳ್ಳಬೇಕು. ಸ್ಕ್ರೂಡ್ರೈವರ್ ತಾಗಿಸಿ ಚಟ್ ಎನಿಸುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಕೆಪಾಸಿಟರಿಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ. ಐಸಿಗಳನ್ನು ಹಾಕದೆ, ಸೀರೀಸ್ ಬಲ್ಬ್ ಮೂಲಕ ಮೊದಲ ಸಲ ಕರೆಂಟ್ ಕೊಟ್ಟೆ. 60 ವಾಟಿನ ಬಲ್ಬು ಒಮ್ಮೆ ಹೊಳೆದು ಮಂಕಾಯಿತು, ಅಂದರೆ ಶಾರ್ಟ್ ಇಲ್ಲ. ಐಸಿ ಬೇಸಿನ ಎಂಟನೇ ಕಾಲಿನಲ್ಲಿ ಪ್ಲಸ್ 15, ನಾಲ್ಕನೆಯದರಲ್ಲಿ ಮೈನಸ್ 15. ಆಮೇಲೆ ಆಫ್ ಮಾಡಿ ಐಸಿ ಕೂರಿಸಿದ್ದು.

ಇನ್ನು ಸಿಗ್ನಲ್ ಎಲ್ಲಿಂದ ಕದಿಯುವುದು? ಬಾಸ್, ಟ್ರೆಬಲ್ ಗುಂಡಿಗಳಾದ ಮೇಲೆ ಪವರ್ ಬೋರ್ಡಿಗೆ ಹೋಗುವ ಒಂದು ಶೀಲ್ಡ್ ತಂತಿ ಇತ್ತು. ಅದನ್ನೇ ಕತ್ತರಿಸಿ ಒಂದು ತುದಿ ಕಿಟ್ಟಿನ ಇನ್‌ಪುಟ್ಟಿಗೆ, ಇನ್ನೊಂದು ತುದಿ ಔಟ್‌ಪುಟ್ಟಿಗೆ. ಬೋರ್ಡಿನೊಳಗೆ ಸಿಗ್ನಲ್ ಕವಲೊಡೆಯುತ್ತದೆ: ಒಂದು ದಾರಿ ಹಾಗೇ ನೇರ ಹೋಗುತ್ತದೆ, ಇನ್ನೊಂದು ಸ್ಪ್ರಿಂಗ್ ಸುತ್ತಿ ಬಂದು, ರಿವರ್ಬ್ ಪಾಟ್ ದಾಟಿ, ಕೊನೆಯ ಆಪ್‌ಆಂಪಿನಲ್ಲಿ ಅದಕ್ಕೆ ಸೇರುತ್ತದೆ. ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿದೆ. ಎರಡೂ ಕಡೆ ಮಾಡಿದರೆ ಗ್ರೌಂಡ್ ಲೂಪ್ ಆಗಿ ಹಮ್, ಅಂದರೆ ಕರೆಂಟಿನ ಗುಂಯ್‌ಗುಟ್ಟುವ ಸದ್ದು, ಒಳಗೆ ಬರುತ್ತದೆ.

ಪಾಟ್ ಕೂರಿಸಲು ಮುಂದಿನ ಪ್ಯಾನೆಲ್ ಕೊರೆಯುವ ಮನಸ್ಸಿರಲಿಲ್ಲ. ಹಳೇ ತಗಡು, ಡ್ರಿಲ್ ಬಿಟ್ಟರೆ ಪೇಂಟ್ ಚಕ್ಕೆ ಏಳುತ್ತದೆ. ಆದರೆ ಅಲ್ಲೊಂದು ‘ಮೈಕ್’ ಎಂದು ಬರೆದ ಸಾಕೆಟ್ ಇತ್ತು. ಗಿಟಾರ್ ಆಂಪಿಗೆ ಮೈಕ್ ಚುಚ್ಚಿ ಹಾಡುವ ಕಾಲ ಹೋಗಿ ಎಷ್ಟು ವರ್ಷವಾಯಿತೋ. ಆ ಸಾಕೆಟ್ ಕಿತ್ತು ಪಾಟ್ ತೂರಿಸಿದರೆ ತೂತು ದೊಡ್ಡದು, ಪಾಟಿನ ಕುತ್ತಿಗೆ ಸಣ್ಣದು. ಹಿಂದೊಂದು ಮುಂದೊಂದು ಅಗಲ ವಾಷರ್ ಕೊಟ್ಟು ಬಿಗಿದೆ. ಈಗಲೂ ಆ ಗುಂಡಿಯ ಕೆಳಗೆ ‘ಮೈಕ್’ ಎಂದೇ ಇದೆ, ಅಳಿಸಿಲ್ಲ.

ಟ್ಯಾಂಕನ್ನು ಮೇಜಿನ ಮೇಲೇ ಇಟ್ಟು ಗಿಟಾರ್ ಚುಚ್ಚಿ ರಿವರ್ಬ್ ಗುಂಡಿ ತಿರುಗಿಸಿದೆ. ಬಂದದ್ದು ರಿವರ್ಬ್ ಅಲ್ಲ, ‘ಗುಂಯ್’ ಎನ್ನುವ ಹಮ್, ಅದೂ ಗಿಟಾರಿಗಿಂತ ಜೋರು. ಟ್ಯಾಂಕನ್ನು ಎಲ್ಲಿಗೆ ಸರಿಸಿದರೂ ಅಷ್ಟೇ. ಸರಿಸಿದಾಗ ಬದಲಾಗದ ಹಮ್ ಟ್ರಾನ್ಸ್‌ಫಾರ್ಮರಿನದ್ದಲ್ಲ, ತಂತಿಯದ್ದು. ಔಟ್‌ಪುಟ್ ಕೇಬಲಿನ ಶೀಲ್ಡ್ ಎರಡು ತುದಿಗೆ ಮೀಟರ್ ಹಿಡಿದು ಪ್ಲಗ್ಗಿನ ಬುಡ ಬಗ್ಗಿಸಿದರೆ ಬೀಪ್ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕಿಟ್ಟಿನ ಜೊತೆ ಬಂದಿದ್ದ ಅಚ್ಚು ಹಾಕಿದ ಪ್ಲಗ್ಗಿನೊಳಗೆ ಶೀಲ್ಡ್ ಎಳೆ ಕಡಿದಿತ್ತು. ಅದನ್ನು ಎಸೆದು ನನ್ನಲ್ಲಿದ್ದ ಮೈಕ್ ಕೇಬಲಿನಿಂದ ಎರಡೂ ಹೊಸದಾಗಿ ಮಾಡಿಕೊಂಡೆ. ಟ್ಯಾಂಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಮುಂದಿನ ಆಪ್‌ಆಂಪ್ ಇನ್ನೂರು ಪಟ್ಟು ಹಿಗ್ಗಿಸುತ್ತದೆ. ಕೇಬಲಿನ ಕಸವೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಈಗ ಸದ್ದು ಬಂತು. ಒಂದು ಇ ಮೈನರ್ ಹೊಡೆದು ಕೈ ಎತ್ತಿದರೆ, ಕೈ ಎತ್ತಿದ ಮೇಲೂ ಕಾರ್ಡ್ ಅಲ್ಲೇ ಸುಳಿದಾಡುತ್ತಿತ್ತು. ಹಮ್ಮೂ ಇತ್ತು, ಆದರೆ ಈ ಸಲ ಟ್ಯಾಂಕ್ ಸರಿಸಿದರೆ ಬದಲಾಗುವ ಹಮ್. ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ.

ಟ್ಯಾಂಕಿನ ಔಟ್‌ಪುಟ್ ತುದಿ ಅಂದರೆ ಕಬ್ಬಿಣದ ಕೋರಿಗೆ ಸುತ್ತಿದ ಕಾಯಿಲ್. ಟ್ರಾನ್ಸ್‌ಫಾರ್ಮರಿನ ಸುತ್ತ ಹರಡುವ 50 ಹರ್ಟ್ಸಿನ ಕಾಂತಕ್ಷೇತ್ರಕ್ಕೆ ಅದು ಟ್ರಾನ್ಸ್‌ಫಾರ್ಮರಿನದೇ ಇನ್ನೊಂದು ಸೆಕೆಂಡರಿ (ಔಟ್‌ಪುಟ್ ಸುತ್ತು) ಇದ್ದಂತೆ. ಹಾಗಾಗಿ ಮೊದಲ ನಿಯಮ, ಔಟ್‌ಪುಟ್ ತುದಿ ಟ್ರಾನ್ಸ್‌ಫಾರ್ಮರಿನಿಂದ ಆದಷ್ಟು ದೂರ. ನನ್ನ ಆಂಪಿನಲ್ಲಿ ಹಿಂದಿನಿಂದ ನೋಡಿದರೆ ಟ್ರಾನ್ಸ್‌ಫಾರ್ಮರ್ ಮೇಲೆ ಎಡಕ್ಕಿದೆ, ಟ್ಯಾಂಕ್ ಕೂರಬೇಕಾದದ್ದು ಕೆಳಗೆ ನೆಲದ ಹಲಗೆಯ ಮೇಲೆ. ಔಟ್‌ಪುಟ್ ತುದಿ ಬಲಕ್ಕೆ ಬರುವಂತೆ ಇಟ್ಟೆ. ಹಮ್ ಇಳಿಯಿತು, ಹೋಗಲಿಲ್ಲ. ಗಿಟಾರ್ ಕಿತ್ತು, ರಿವರ್ಬ್ ಪೂರ್ತಿ ತಿರುಗಿಸಿ, ಒಂದು ಕೈಯಲ್ಲಿ ಟ್ಯಾಂಕ್ ಹಿಡಿದು ಇಂಚಿಂಚೇ ಸರಿಸುತ್ತಾ ಕೇಳುತ್ತಾ ಕೂತೆ. ಇನ್ನೊಂದು ಕೈ ಜೇಬಿನಲ್ಲಿ. ಆಂಪ್ ಆನ್ ಇದೆ, ಮೇಲೆ 230 ವೋಲ್ಟಿನ ಬೆತ್ತಲೆ ಟ್ಯಾಗ್‌ಗಳಿವೆ, ಅವಕ್ಕೆ ಮೊದಲೇ ಸ್ಲೀವ್ ಹಾಕಿದ್ದರೂ ಕೈ ಅತ್ತ ಹೋಗಬಾರದು. ಹೀಗೆ ಹುಡುಕುವಾಗ ತಿಳಿದ ಸಂಗತಿ: ದೂರಕ್ಕಿಂತ ಕೋನ ಮುಖ್ಯ. ಹಿಂಬದಿಯ ಹಲಗೆಗೆ ಸಮಾನಾಂತರವಾಗಿ ಇಟ್ಟಾಗ ಇದ್ದ ಹಮ್, ಟ್ಯಾಂಕಿನ ಬಲ ತುದಿಯನ್ನು ನಾಲ್ಕು ಬೆರಳಗಲ ಮುಂದಕ್ಕೆ ಓರೆ ಮಾಡಿದ ಕೂಡಲೇ ಪಟ್ಟನೆ ಕುಸಿಯಿತು. ಇನ್ನೂ ಓರೆ ಮಾಡಿದರೆ ಮತ್ತೆ ಏರಿತು. ಆ ನಡುವಿನ ಜಾಗ ಬಹಳ ಕಿರಿದು. ಸೀಮೆಸುಣ್ಣದಲ್ಲಿ ಅಲ್ಲೇ ಗೆರೆ ಎಳೆದೆ.

ಉಳಿದ ಅಷ್ಟಿಷ್ಟಕ್ಕೆ ತಗಡಿನ ಅಡ್ಡಗೋಡೆ. ಅಲ್ಯೂಮಿನಿಯಂ ಫಾಯಿಲ್ ಸುತ್ತು ಎಂದು ಬಹಳ ಕಡೆ ಸಲಹೆ ಕೇಳಿಬರುತ್ತದೆ. 50 ಹರ್ಟ್ಸಿನ ಕಾಂತಕ್ಷೇತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಕಬ್ಬಿಣವೇ ಬೇಕು. ಅಡುಗೆ ಎಣ್ಣೆಯ 15 ಲೀಟರ್ ಡಬ್ಬದ ತಗಡು ಉಕ್ಕಿನದ್ದು, ಅದರ ಒಂದು ಪಕ್ಕ ಕತ್ತರಿಸಿ, ಅಂಚು ಮಡಚಿ, ಟ್ರಾನ್ಸ್‌ಫಾರ್ಮರಿನ ಕಡೆಗೆ ನಿಲ್ಲಿಸಿ ಚಾಸಿಗೆ ಗ್ರೌಂಡ್ ಮಾಡಿದೆ. ಇನ್ನೊಂದಿಷ್ಟು ಇಳಿಯಿತು. ಈಗ ರಿವರ್ಬ್ ಅರ್ಧಕ್ಕಿಟ್ಟರೆ ಕಿವಿಯನ್ನು ಸ್ಪೀಕರಿಗೆ ಒತ್ತಿದರಷ್ಟೇ ಹಮ್ ತಿಳಿಯುತ್ತದೆ.

ಆಮೇಲೆ ಬಂದ ತಲೆನೋವು ಸ್ಪೀಕರಿನದ್ದು. ಸ್ಪೀಕರ್ ಇರುವ ಪೆಟ್ಟಿಗೆಯಲ್ಲೇ ಸ್ಪ್ರಿಂಗ್ ಇದ್ದರೆ ಸ್ಪೀಕರಿನ ನಡುಕ ಹಲಗೆ ಹಿಡಿದು ಸ್ಪ್ರಿಂಗಿಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಸ್ಪೀಕರಿಗೆ. ವಾಲ್ಯೂಮ್ ಏರಿಸಿದರೆ ಊಳಿಡಲು ಶುರು. ಫೆಂಡರಿನವರು ಟ್ಯಾಂಕನ್ನು ಚೀಲದಲ್ಲಿಟ್ಟು, ಬಾಯಿಗೆ ರಟ್ಟು ಕೊಟ್ಟು ಪೆಟ್ಟಿಗೆಯ ತಳಕ್ಕೆ ಬಿಗಿಯುತ್ತಿದ್ದರು. ನಾನೂ ಅದೇ ದಾರಿ ಹಿಡಿದೆ. ಆಟೋ ಸೀಟ್ ಹೊಲಿಯುವ ಅಂಗಡಿಗೆ ಟ್ಯಾಂಕ್ ಒಯ್ದು ಅಳತೆ ಕೊಟ್ಟೆ. ಅವರು ಅದನ್ನು ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, ‘ಇದೇನು ಸಾರ್, ಒಳಗೆ ಕಿತ್ತುಹೋಗಿದೆ’ ಎಂದರು. ಇಲ್ಲ, ಅದು ಹಾಗೇ ಇರಬೇಕು ಎಂದು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕಪ್ಪು ರೆಕ್ಸಿನ್ ಚೀಲ, ಒಳಗೆ ತೆಳು ಫೋಮ್, ಒಂದು ಪಕ್ಕ ಕೇಬಲಿಗೆ ಕಿಂಡಿ, ಅಚ್ಚುಕಟ್ಟಾಗಿ ಹೊಲಿದುಕೊಟ್ಟರು. ಕೆಳಗೆ ದಪ್ಪ ರಟ್ಟು, ಸ್ಕ್ರೂ ಹೋಗುವಲ್ಲಿ ಸೈಕಲ್ ಟ್ಯೂಬಿನ ತುಂಡು. ಸ್ಕ್ರೂ ಪೂರ್ತಿ ಬಿಗಿಯಬಾರದು. ಬಿಗಿದರೆ ರಬ್ಬರ್ ಅಪ್ಪಚ್ಚಿಯಾಗಿ ಹಲಗೆಯ ನಡುಕವೆಲ್ಲ ನೇರ ಒಳಗೆ.

ಇಷ್ಟಾದ ಮೇಲೂ ಕೇಳಲು ಏನೋ ಸರಿಯಿಲ್ಲ. ದಪ್ಪ ತಂತಿ ಮೀಟಿದಾಗ ರಿವರ್ಬ್ ಕೆಸರಾಗುತ್ತಿತ್ತು, ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಸರ್ಕಿಟ್ ನೋಡಿದರೆ ಸ್ಪ್ರಿಂಗಿಗೆ ಸಿಗ್ನಲ್ ಕೊಡುವ ಆಪ್‌ಆಂಪಿನ ಮುಂದೆ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಅದರ ಹಿಂದೆ 47ಕೆ ರೆಸಿಸ್ಟರ್. ಲೆಕ್ಕ ಹಾಕಿದರೆ 34 ಹರ್ಟ್ಸಿನಿಂದ ಮೇಲಿನದ್ದೆಲ್ಲ ಸ್ಪ್ರಿಂಗಿಗೆ ಹೋಗುತ್ತಿದೆ. ಗಿಟಾರಿನ ಅತಿ ಕೆಳಗಿನ ಇ ತಂತಿಯೇ 82 ಹರ್ಟ್ಸ್. ಅಂದರೆ ಯಾವುದನ್ನೂ ತಡೆಯುತ್ತಿಲ್ಲ. ಕಿಟ್ ಮಾಡಿದವರು ಯಾಕೆ ಹೀಗಿಟ್ಟರೋ, ಬಹುಶಃ ಆರ್ಗನ್, ಕೀಬೋರ್ಡಿಗೂ ಆಗಲಿ ಎಂದಿರಬೇಕು. ಟಿವಿ ಬೋರ್ಡಿನಿಂದ ಕಿತ್ತಿಟ್ಟಿದ್ದ, 103 ಎಂದು ಬರೆದ 10 ನ್ಯಾನೋದ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದೆ. ಈಗ 340 ಹರ್ಟ್ಸಿನ ಕೆಳಗಿನದ್ದು ಸ್ಪ್ರಿಂಗಿಗೆ ಹೋಗುವುದು ಕಡಿಮೆಯಾಗುತ್ತಾ ಬರುತ್ತದೆ. ಕೆಸರು ಹೋಯಿತು, ನೇರ ದಾರಿಯ ಬಾಸ್ ಹಾಗೇ ಉಳಿಯಿತು. ವಾಪಸ್ ಬರುವ ಆಪ್‌ಆಂಪಿನ 220ಕೆ ಮೇಲೆ 150 ಪಿಕೋಫ್ಯಾರಡ್ ಒಂದನ್ನು ಸೇರಿಸಿದೆ. ಹೇಗೂ ಸ್ಪ್ರಿಂಗ್ 5 ಕಿಲೋಹರ್ಟ್ಸಿನ ಮೇಲೆ ಹೆಚ್ಚೇನೂ ಕಳಿಸುವುದಿಲ್ಲ, ಅಲ್ಲಿಂದ ಮೇಲೆ ಬರುವುದು ಬರೀ ಹಿಸ್. ಎರಡು ರೂಪಾಯಿಯ ಸಾಮಾನುಗಳು, ಆದರೆ ಇಡೀ ಕಿಟ್ಟಿನಲ್ಲಿ ಸದ್ದು ಬದಲಿಸಿದವು ಇವೇ.

ಹೊರಗಡೆ ಮೊದಲು ನುಡಿಸಿದ್ದು ಆಲೂರು ಕಡೆಯ ಒಂದು ಗಣಪತಿ ರಸಮಂಜರಿಯಲ್ಲಿ. ಡ್ರಮ್ಮು, ಪೈಪುಗಳ ಮೇಲೆ ಹಲಗೆ ಹಾಸಿದ ಸ್ಟೇಜು. ಮಕ್ಕಳು ‘ಫಾಸ್ಟ್ ಸಾಂಗ್’ ಎಂದು ಕೂಗಿ, ಡ್ಯಾನ್ಸರುಗಳು ಮೇಲೆ ಹತ್ತಿ ಕುಣಿಯತೊಡಗಿದಾಗ ಹಲಗೆಯ ಜೊತೆ ಆಂಪೂ ಕುಣಿಯಿತು, ಒಳಗೆ ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ದಡಲ್ ದಡಲ್ ಎಂದವು. ಚೀಲ, ಟ್ಯೂಬು ಯಾವುದೂ ಅಷ್ಟು ಹೊಡೆತ ತಡೆಯುವುದಿಲ್ಲ. ಅಲ್ಲಿಂದ ಮುಂದೆ ಆಂಪನ್ನು ಸ್ಟೇಜಿನ ಹಲಗೆ ಬಿಟ್ಟು, ಹಿಂದೆ ನೆಲದ ಮೇಲೆ ಪ್ಲಾಸ್ಟಿಕ್ ಕ್ರೇಟ್ ಹಾಕಿ ಇಡುತ್ತೇನೆ. ಮೈಕ್ ಅದರ ಮುಂದೆ ನಿಲ್ಲಿಸಿದರಾಯಿತು. ಜನರೇಟರ್ ಮೇಲೆ ಓಡುವ ಕಾರ್ಯಕ್ರಮಗಳಲ್ಲಿ ಇನ್ನೊಂದು ತಮಾಷೆ. ಲೋಡ್ ಬಿದ್ದಾಗ ಜನರೇಟರಿನ ವೇಗ ಕುಸಿದು ಹಮ್ಮಿನ ಶ್ರುತಿಯೂ ಕುಸಿಯುತ್ತದೆ, ಎಲ್ಇಡಿ ಪರದೆ ಆರಿಸಿದಾಗ ಏರುತ್ತದೆ. ಕರೆಂಟಿನ ಹಮ್ಮಿಗೆ ಕಿವಿ ಒಗ್ಗಿಬಿಡುತ್ತದೆ, ಏರಿಳಿಯುವ ಹಮ್ಮಿಗೆ ಒಗ್ಗುವುದಿಲ್ಲ. ಅಂಥ ಕಡೆ ಗುಂಡಿಯನ್ನು ಮೂರಕ್ಕಿಂತ ಮೇಲೆ ಒಯ್ಯುವುದಿಲ್ಲ.

ಟೆಂಪೋದಲ್ಲಿ ಸಾಗಿಸುವಾಗ ಲಾಕ್ ಇಲ್ಲದ ಟ್ಯಾಂಕಿನ ಚಿಂತೆ ಇದ್ದೇ ಇದೆ. ಆಂಪನ್ನು ಅಂಗಾತ ಮಲಗಿಸದೆ ನೆಟ್ಟಗೆ, ಕಂಬಳಿ ಸುತ್ತಿ, ಡ್ರೈವರಿನ ಸೀಟಿನ ಹಿಂಭಾಗಕ್ಕೆ ಕಟ್ಟುತ್ತೇನೆ. ಇಲ್ಲಿಯವರೆಗೆ ಯಾವ ಸ್ಪ್ರಿಂಗೂ ಕಳಚಿಲ್ಲ.

ಪೆಡಲ್ ತಗೋ ಎಂದಿದ್ದ ಕೀಬೋರ್ಡಿನವನು ಈಗ ತನ್ನ ಹಳೇ ಆರ್ಗನ್ ಟೋನುಗಳನ್ನು ಇದರೊಳಗೆ ಹಾಯಿಸಿ ಕೇಳಬೇಕು ಎನ್ನುತ್ತಾನೆ. ಅವನಿಗೆ 100 ನ್ಯಾನೋದ ಹಳೇ ಕೆಪಾಸಿಟರೇ ಸರಿ, ತೆಗೆದಿಟ್ಟಿದ್ದೇನೆ. ನನ್ನ ಮನಸ್ಸು ಮಾತ್ರ 16.75 ಇಂಚಿನ ಉದ್ದ ಟ್ಯಾಂಕಿನ ಮೇಲಿದೆ. ಅದರ 4ಇಬಿ2ಸಿ1ಬಿ ಎಂಬುದರ ಇನ್‌ಪುಟ್ 600 ಓಮ್, ಔಟ್‌ಪುಟ್ 2250. ಈ ಬೋರ್ಡೇ ಏನೂ ಬದಲಾವಣೆಯಿಲ್ಲದೆ ಓಡಿಸುತ್ತದೆ. ಆಂಪಿನೊಳಗೆ ಹಿಡಿಸುವುದಿಲ್ಲವಾದ್ದರಿಂದ ಅದಕ್ಕೆ ಬೇರೆ ಪೆಟ್ಟಿಗೆ, ಹೊರಗಿನಿಂದ ಎರಡು ಆರ್‌ಸಿಎ ಸಾಕೆಟ್. ಟ್ರಾನ್ಸ್‌ಫಾರ್ಮರಿನಿಂದ ಮಾರುದೂರ ಇಡಬಹುದು, ಓರೆ ಹುಡುಕುವ ಗೋಜೂ ಇಲ್ಲ. ಬಡಗಿಗೆ ಅಳತೆ ಕೊಟ್ಟಾಗಿದೆ, ಮದುವೆ ಸೀಸನ್ನಿನ ಮಂಚಗಳು ಮುಗಿದ ಮೇಲೆ ಮಾಡಿಕೊಡುತ್ತಾನಂತೆ.